ಈ ಬಸ್ಸು ಮುಂದೆ ಎಲ್ಲಿಗೆ ಹೋಗುತ್ತೆ?

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಈ ಬಸ್ಸು ಮುಂದೆ ಎಲ್ಲಿಗೆ ಹೋಗುತ್ತೆ?"

ಕೇಳಿದ್ದು ಅಮ್ಮ. ಅವಳ ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ಸರಿ ಮಾಡಿಸೋಣ ಅಂತ ಹೊರಟಿದ್ದೆವು. ಇಳಿಯುವ ಸ್ಟಾಪ್ ಬಂತು, ನಾನು ಎದ್ದು ನಿಂತೆ. ಅಮ್ಮ ಏಳಲಿಲ್ಲ. ಕಿಟಕಿ ಕಡೆ ಮುಖ ಮಾಡಿಕೊಂಡೇ ಕೇಳಿದಳು. ಕೊನೇ ಸ್ಟಾಪಿಗೆ ಹೋಗುತ್ತಮ್ಮ, ಬಾ ಬೇಗ ಅಂದೆ.

"ನೋಡ್ಕೊಂಡು ಬರೋಣ್ವಾ?"

ಇದೇ ನಂಬರಿನ ಬಸ್ಸನ್ನು ಅಮ್ಮ 22 ವರ್ಷದಿಂದ ಹತ್ತುತ್ತಿದ್ದಾಳೆ. ಆ ಸ್ಟಾಪಿನಿಂದ ಮುಂದಕ್ಕೆ ಒಂದು ಸಲವೂ ಹೋಗಿಲ್ಲ. ಅಲ್ಲಿ ಕೆಲಸ ಇರಲಿಲ್ಲ, ಹೋಗಲಿಲ್ಲ, ಅಷ್ಟೇ. ಬೇಡ ಅನ್ನೋಕೆ ಬಾಯಿ ತೆರೆದಿದ್ದೆ ನಾನು. ಅದು ಹೇಗೋ ತಪ್ಪಿತು. ಕೂತುಬಿಟ್ಟೆ.

ಮುಂದಿನ ಅರ್ಧ ಗಂಟೆ ಅಮ್ಮ ಆ ಮುರಿದ ಕನ್ನಡಕವನ್ನು ಒಂದು ಕೈಯಲ್ಲಿ ಕಣ್ಣಿಗೆ ಒತ್ತಿ ಹಿಡಿದುಕೊಂಡು, ದಾರಿಯಲ್ಲಿ ಬಂದ ಬೋರ್ಡುಗಳನ್ನೆಲ್ಲ ಮೆಲ್ಲಗೆ ಓದುತ್ತಾ ಬಂದಳು. ಹೊಲಿಗೆ ಅಂಗಡಿ, ಟೈರ್ ಪಂಕ್ಚರ್, ಬಾಡಿಗೆಗೆ ಮನೆ ಇದೆ. ಬಸ್ಸು ಕುಲುಕಿದರೆ ಕನ್ನಡಕ ಮೂಗಿನಿಂದ ಜಾರುತ್ತಿತ್ತು, ಮತ್ತೆ ಒತ್ತಿ ಹಿಡಿಯುತ್ತಿದ್ದಳು. ಕೈ ನೋಯಲ್ವಾ ಅಂದರೆ ಕೇಳಿಸಲೇ ಇಲ್ಲ ಅವಳಿಗೆ.

ಕೊನೇ ಸ್ಟಾಪಿನಲ್ಲಿ ಒಂದು ಖಾಲಿ ಬಯಲು, ಒಂದು ಮರ, ಅದರ ಕೆಳಗೆ ಕಲ್ಲುಬೆಂಚು. ನಾವಿಬ್ಬರೇ ಉಳಿದಿದ್ದೆವು. "ಯಾರ ಮನೆಗೆ ಹೋಗ್ಬೇಕಿತ್ತಮ್ಮಾ?" ಅಂದ ಕಂಡಕ್ಟರ್. "ಯಾರ ಮನೆಗೂ ಇಲ್ಲಪ್ಪ, ಬಸ್ಸು ಎಲ್ಲಿ ತಿರುಗುತ್ತೆ ಅಂತ ನೋಡೋಕೆ ಬಂದ್ವಿ" ಅಂದಳು ಅಮ್ಮ. ಅವನು ನಗಲಿಲ್ಲ. "ಹೊರಡೋಕೆ ಹತ್ತು ನಿಮಿಷ ಇದೆ, ಆರಾಮಾಗಿ ಕೂತ್ಕೊಳ್ಳಿ" ಅಂದ. ಎಂಥ ಒಳ್ಳೆಯ ಹುಡುಗ. ಅವನ ಜಾಗದಲ್ಲಿ ನಾನಿದ್ದಿದ್ದರೆ ನೂರು ಪ್ರಶ್ನೆ ಕೇಳುತ್ತಿದ್ದೆ.

ಬೆಂಚಿನ ಮೇಲೆ ಕೂತಾಗ ನನ್ನ ಕಣ್ಣು ಅಮ್ಮನ ಕೈ ಮೇಲೆ ಬಿತ್ತು. ಆಚೆ ಈಚೆ ಏನೋ ತಡಕಾಡಿತು, ಏನೂ ಸಿಗಲಿಲ್ಲ. ತೊಡೆ ಮೇಲೆ ಒಂದು ಸಣ್ಣ ಪರ್ಸ್, ಅಷ್ಟೇ ಇದ್ದದ್ದು. ಕೈ ಅದರ ಮೇಲೆ ಸುಮ್ಮನೆ ಕೂತಿತು.

ಆ ಕೈ ಏನನ್ನು ಹುಡುಕಿತು ಅಂತ ನನಗೆ ಗೊತ್ತು. ಹೋದ ವರ್ಷ ಮನೆಯವರೆಲ್ಲ ಐದು ದಿನದ ಟ್ರಿಪ್ ಹೋಗಿದ್ದೆವು. ರೈಲು ಇಳಿದಾಗ, ರೂಮು ಬಿಟ್ಟಾಗ, ವ್ಯಾನ್ ಹತ್ತಿದಾಗ ಅಮ್ಮ ತುಟಿ ಅಲುಗಿಸುತ್ತಾ ಬ್ಯಾಗುಗಳನ್ನು ಎಣಿಸುತ್ತಿದ್ದಳು. ಒಂಬತ್ತು ಬ್ಯಾಗ್. ಜೊತೆಗೆ ಅಪ್ಪನ ಮಾತ್ರೆ, ಮಕ್ಕಳ ಸ್ವೆಟರ್, ಯಾರದೋ ಚಾರ್ಜರ್. ಸೂರ್ಯಾಸ್ತ ನೋಡೋಕೆ ಎಲ್ಲರೂ ಬೆಟ್ಟ ಹತ್ತಿದಾಗ ಅವಳು ಕೆಳಗೆ ಚಪ್ಪಲಿ, ಬ್ಯಾಗು ನೋಡಿಕೊಂಡು ಕೂತಿದ್ದಳು. ಅದರಲ್ಲಿ ನನ್ನ ಬ್ಯಾಗೂ ಇತ್ತು.

ನೆದರ್ಲೆಂಡ್ಸ್‌ನಲ್ಲಿ 1,530 ಜನರ ಮೇಲೆ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಗಿತ್ತು. ಪ್ರವಾಸ ಹೋಗುವವರು ಹೊರಡುವ ಮುಂಚೆಯೇ ಬೇರೆಯವರಿಗಿಂತ ಜಾಸ್ತಿ ಖುಷಿಯಾಗಿರುತ್ತಾರಂತೆ. ವಾಪಸ್ ಬಂದ ಮೇಲೆ ಆ ಖುಷಿ ಉಳಿಯೋದು ತುಂಬಾ ಆರಾಮಾಗಿ ಕಳೆದು ಬಂದವರಿಗೆ ಮಾತ್ರ, ಅದೂ ಸ್ವಲ್ಪ ದಿನ. ಓದಿದಾಗ ಹೌದಲ್ವಾ ಅನ್ನಿಸಿತ್ತು, ನಾನೂ ತಿಂಗಳು ಮುಂಚಿನಿಂದಲೇ ಕುಣಿಯುತ್ತೇನೆ. ಆದರೆ ಹೊರಡುವ ಹಿಂದಿನ ವಾರ ಅಮ್ಮ ಏನು ಮಾಡುತ್ತಿರುತ್ತಾಳೆ? ಬಟ್ಟೆ ಮಡಿಸುತ್ತಿರುತ್ತಾಳೆ. ಮುಂಚಿನ ಖುಷಿಯೂ ಇಲ್ಲ, ಆರಾಮೂ ಇಲ್ಲ ಅಂದಮೇಲೆ ಅವಳ ಪಾಲಿಗೆ ಉಳಿದದ್ದೇನು?

ಅಣ್ಣ ಪ್ಲಾನ್ ಮಾಡೋದರಲ್ಲಿ ಗಟ್ಟಿಗ. ಇಷ್ಟು ಗಂಟೆಗೆ ಇಲ್ಲಿ, ಇಷ್ಟು ಗಂಟೆಗೆ ಅಲ್ಲಿ ಅಂತ ಎಲ್ಲಾ ಬರೆದು ಕಳಿಸುತ್ತಾನೆ. ಅವನು ಕಷ್ಟಪಡೋದು ಸುಳ್ಳಲ್ಲ. ಆದರೆ ಆ ಪಟ್ಟಿಯಲ್ಲಿ "ಇನ್ನೂ ಸ್ವಲ್ಪ ಮುಂದೆ ಹೋಗೋಣ್ವಾ" ಅಂತ ಯಾರಾದರೂ ಕೇಳೋಕೆ ಜಾಗವೇ ಇರಲ್ಲ. ನನಗೆ ನೆನಪಿರೋ ಮಟ್ಟಿಗೆ ಯಾವ ಟ್ರಿಪ್ಪಿನಲ್ಲೂ ಅಮ್ಮ ಏನೂ ಕೇಳಿದವಳಲ್ಲ. ಅವಳಿಗೆ ತಿರುಗಾಟ ಅಷ್ಟು ಇಷ್ಟ ಇಲ್ಲ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು.

ವಾಪಸ್ ಬರುವಾಗ "ಎಷ್ಟು ಬೇಗ ಬಂದ್ವಿ ಅಲ್ವಾ" ಅಂದಳು. ಅದೇ ಬಸ್ಸು, ಅದೇ ದಾರಿ, ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಹೀಗನ್ನಿಸೋದು ಎಲ್ಲರಿಗೂ ಇದ್ದದ್ದೇ. ನೀಲ್ಸ್ ವಾನ್ ಡೆ ವೆನ್ ಅನ್ನುವ ಸಂಶೋಧಕ ಮತ್ತು ಜೊತೆಗಾರರು 2011ರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಹೋಗುವಾಗ ನಾವು ಎಣಿಸಿದ್ದಕ್ಕಿಂತ ದಾರಿ ಉದ್ದ ಅನ್ನಿಸುತ್ತೆ, ಹಾಗಾಗಿ ಬರುವಾಗ ಇನ್ನೂ ಬಹಳ ಹೊತ್ತಿದೆ ಅಂತ ಮನಸ್ಸು ಮೊದಲೇ ತಯಾರಾಗಿರುತ್ತೆ, ಅದಕ್ಕೇ ಬೇಗ ಮುಗಿದಂತೆ ಕಾಣುತ್ತೆ ಅನ್ನೋದು ಅವರ ವಿವರಣೆ. ಇರಬಹುದು. ಆದರೆ ಅಮ್ಮನ ದನಿಯಲ್ಲಿ ಇದ್ದದ್ದು ಬೇಜಾರು. ಇಷ್ಟು ಬೇಗ ಮುಗಿದುಹೋಯಿತಲ್ಲ ಅನ್ನೋ ಬೇಜಾರು.

ನಿನ್ನೆ ಅಣ್ಣ ಫೋನ್ ಮಾಡಿದ್ದ, ಡಿಸೆಂಬರ್ ಟ್ರಿಪ್ಪಿಗೆ. ಈ ಸಲ ಅಮ್ಮನ ಕೈಗೆ ಅವಳ ಪರ್ಸ್ ಬಿಟ್ಟು ಏನೂ ಕೊಡೋದು ಬೇಡ, ಬ್ಯಾಗು ನಾನು ಎಣಿಸ್ತೀನಿ, ಅಪ್ಪನ ಮಾತ್ರೆ ನೀನಿಟ್ಕೋ ಅಂದೆ. "ಅಯ್ಯೋ, ಅಮ್ಮಂಗೆ ಅದೆಲ್ಲಾ ಮಾಡೋದೇ ಇಷ್ಟ ಕಣೇ" ಅಂದ.

ಇಷ್ಟ ಅಂತ ಅವಳು ಯಾವತ್ತು ಹೇಳಿದಳು? ನಾವು ಯಾವತ್ತು ಕೇಳಿದೆವು? ಫೋನಿನಲ್ಲೇ ಜೋರಾಗಿ ಕೂಗಿಬಿಟ್ಟೆ. ಅಣ್ಣ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಬೆಳಿಗ್ಗೆ ಎಷ್ಟು ಮಾತ್ರೆ, ರಾತ್ರಿ ಎಷ್ಟು, ಬರೆದು ಕಳಿಸು" ಅಂದ.

ಅಂದಹಾಗೆ, ಆ ಕನ್ನಡಕ ಇನ್ನೂ ರಿಪೇರಿ ಆಗಿಲ್ಲ. ನಾವು ವಾಪಸ್ ಬರುವಷ್ಟರಲ್ಲಿ ಅಂಗಡಿ ಮುಚ್ಚಿತ್ತು. ನಾಳೆ ಮತ್ತೆ ಹೋಗಬೇಕು. ಬೇರೆ ನಂಬರಿನ ಬಸ್ಸೂ ಆ ಕಡೆ ಹೋಗುತ್ತೆ, ಅದರಲ್ಲಿ ಹೋಗೋಣ ಅಂತ ಅಮ್ಮ ಆಗಲೇ ಹೇಳಿಟ್ಟಿದ್ದಾಳೆ.