ಸೀತಾಳೆ ದಂಡೆ ನೋಡಲು ಕೊಡಗಿಗೆ ಹೋಗುವುದಾದರೆ

ಸೀತಾಳೆ ದಂಡೆ ಮರದ ಕೊಂಬೆಯ ಮೇಲೆ ಬೆಳೆಯುವ ಆರ್ಕಿಡ್ ಹೂ. ನೋಡಲು ಮೇ ಕೊನೆಯ ವಾರದಲ್ಲೇ ಹೋಗಿಬನ್ನಿ. ಜೂನಿನ ಮಳೆ ಹಿಡಿದುಕೊಂಡರೆ ಹೂ ಉದುರಿಹೋಗುತ್ತದೆ, ಇಂಬಳದ ಕಾಟ ಬೇರೆ. ಕೊಡಗಿಗೆ ರೈಲಿಲ್ಲ. ಬೆಂಗಳೂರಿನಿಂದ ಮೈಸೂರು, ಕುಶಾಲನಗರ ದಾಟಿ ಮಡಿಕೇರಿಗೆ ಸುಮಾರು 260 ಕಿಲೋಮೀಟರ್. ನಾವು ನಾಪೋಕ್ಲು ಕಡೆಯ ಒಂದು ತೋಟದ ಮನೆಯಲ್ಲಿ ಎರಡು ರಾತ್ರಿ ಉಳಿದೆವು. ಅಬ್ಬಿ, ರಾಜಾಸೀಟು ತಪ್ಪಿದ್ದಕ್ಕೆ ಬೇಸರವೇನೂ ಆಗಲಿಲ್ಲ.

ಈ ಹೂವಿಗಾಗಿ ಬೆಟ್ಟ ಹತ್ತಬೇಕಿಲ್ಲ, ಕತ್ತೆತ್ತಿದರೆ ಸಾಕು. ಕಾಫಿಗೆ ನೆರಳು ಕೊಡುವ ಹಳೆಯ ಹಲಸು, ಅತ್ತಿಗಳ ಕೊಂಬೆಯಲ್ಲೇ ಇರುತ್ತದೆ. ಮೊದಲ ಅರ್ಧ ಗಂಟೆ ನನಗೆ ಪಾಚಿ, ಬಂದಳಿಕೆ ಬಿಟ್ಟು ಏನೂ ಕಾಣಲಿಲ್ಲ. ತೋಟದ ಯಜಮಾನರು ಬೆರಳು ತೋರಿಸಿದ ಮೇಲೆ ಕಂಡಿತು: ನರಿಬಾಲದಂತೆ ಇಳಿಬಿದ್ದ ಗೊಂಚಲು, ಗೇಣಿಗಿಂತ ಉದ್ದ, ಬಿಳಿ ಎಸಳ ತುಂಬ ನೇರಳೆ ಚುಕ್ಕೆ. ಒಂದೊಂದು ದಂಡೆಯಲ್ಲಿ ನೂರಕ್ಕೂ ಮಿಕ್ಕಿ ಹೂ.

ಮರಗಸಿ (ನೆರಳು ಮರಗಳ ಕೊಂಬೆ ಸವರುವ ಕೆಲಸ) ಮಾಡುವಾಗ ಬಿದ್ದ ಕೊಂಬೆಯೊಂದರಲ್ಲಿ ಗಿಡವನ್ನು ಹತ್ತಿರದಿಂದ ನೋಡಿದೆ. ಬೆರಳುದಪ್ಪದ ಬೂದುಬಿಳಿ ಬೇರು. ಬಾಟಲಿ ನೀರು ಹನಿಸಿದೆ, ನೋಡುತ್ತಿದ್ದಂತೆ ಹಸಿರಾಯಿತು. ಮಣ್ಣಿಲ್ಲದ ಕೊಂಬೆಯಲ್ಲಿ ಬೇಸಗೆ ಕಳೆಯಬೇಕಲ್ಲ, ಅದಕ್ಕೇ ಕಳ್ಳಿಯ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. (ನಾವು ರಾತ್ರಿ ಕಾದು ಕೂತು ನೋಡುವ ಮನೆಯಂಗಳದ ಬ್ರಹ್ಮಕಮಲವೂ ಮೆಕ್ಸಿಕೋ ಕಡೆಯ ಕಳ್ಳಿಯೇ, ಅದೂ ಮರದ ಮೇಲೆ ಬೆಳೆಯುವಂಥದ್ದು.)

ಈ ಹೂವಿಗೆ ಮರಗಸಿಗಿಂತ ದೊಡ್ಡ ಕಂಟಕ, ಹಳೆಯ ನೆರಳು ಮರಗಳ ಜಾಗದಲ್ಲಿ ನೆಡುವ ಸಿಲ್ವರ್ ಓಕ್ ಮರ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿದು ಮಾರುವುದೂ ಸುಲಭ. ಬೆಳೆಗಾರರನ್ನು ದೂರುವಂತಿಲ್ಲ. ಆದರೆ ಆ ನೆಟ್ಟನೆಯ ಮರಗಳ ಸಾಲಿನಲ್ಲಿ ಒಂದು ಗಂಟೆ ಅಲೆದರೂ ನಮಗೆ ಒಂದು ದಂಡೆ ಸಿಗಲಿಲ್ಲ.

ಇನ್ನೊಂದು ಕಂಟಕ ನನ್ನಂಥವರು. ಕೆಲವು ವರ್ಷದ ಹಿಂದೆ ರಸ್ತೆ ಬದಿಯಲ್ಲಿ ಇದೇ ಗಿಡ ಕೊಂಡು, ತೆಂಗಿನ ಸಿಪ್ಪೆಗೆ ಕಟ್ಟಿ ಬೆಂಗಳೂರಿನ ಬಾಲ್ಕನಿಯಲ್ಲಿ ತೂಗುಹಾಕಿದ್ದೆ. ಎರಡನೇ ಬೇಸಗೆಗೆ ಒಣಗಿತು. 2020ರಲ್ಲಿ ಇಟಲಿಯ ಪೊಲೀಸರು ಚಿಲಿಯ ಅಟಕಾಮಾ ಮರುಭೂಮಿಯಿಂದ ಕದ್ದು ತಂದ ಸಾವಿರಕ್ಕೂ ಹೆಚ್ಚು ಕಳ್ಳಿ ಹಿಡಿದ ಸುದ್ದಿ ಓದಿದಾಗ ಆ ಸಿಪ್ಪೆ ನೆನಪಾಯಿತು. ಅವುಗಳಲ್ಲಿ ಎಂಟುನೂರಕ್ಕೂ ಹೆಚ್ಚು ಮರುವರ್ಷ ಊರಿಗೆ ಮರಳಿದವು. ನನ್ನದು ಕಸದ ಬುಟ್ಟಿಗೆ ಹೋಯಿತು. ಆದ್ದರಿಂದ ಮಾರಲು ತಂದರೂ ಕೊಳ್ಳಬೇಡಿ.

ಬೈನಾಕ್ಯುಲರ್ ಇರಲಿ, ಇಲ್ಲದಿದ್ದರೆ ಅರ್ಧ ಹೂ ಕಾಣುವುದಿಲ್ಲ. ಕೇಳದೆ ಯಾರ ತೋಟಕ್ಕೂ ನುಗ್ಗಬೇಡಿ. ನಸುಕಿನಲ್ಲಿ, ಸಂಜೆಯ ಮೇಲೆ ಆನೆ ಓಡಾಡುತ್ತವೆ, ಹೊರಗೆ ಸುತ್ತುವುದು ಬೇಡವೇ ಬೇಡ. ಮರಗಸಿ ನಡೆಯುವ ತೋಟವಾದರೆ ಬಿದ್ದ ಗಿಡಗಳನ್ನು ಮತ್ತೆ ಮರಕ್ಕೆ ಕಟ್ಟಬಹುದೇ ಎಂದು ಕೇಳಿ ನೋಡಿ. ನಮ್ಮ ಯಜಮಾನರು ನಕ್ಕರು, ಆಮೇಲೆ ಬಾಳೆನಾರು ತಂದರು. ಏಣಿ ಹಿಡಿದದ್ದು ನಾನು.