ಭುಜಕ್ಕೆ 5 ಕೆಜಿ ಜಾಸ್ತಿಯಾಯ್ತು

ಮೈಸೂರು, 9 ಜುಲೈ 2024, ಮಂಗಳವಾರ

ಎತ್ತುವ ತೂಕವನ್ನು ವಾರಕ್ಕೆ 5 ಕೆಜಿ ಏರಿಸಬೇಕು ಅನ್ನುವ ಮಾತು ಜಿಮ್‌ಗಳಲ್ಲಿ ತುಂಬಾ ಓಡುತ್ತಿದೆ. ಯಾವ ವ್ಯಾಯಾಮಕ್ಕೆ, ಎಷ್ಟರ ಮೇಲೆ ಅಂತ ಯಾರೂ ಹೇಳುವುದಿಲ್ಲ.

ಇವತ್ತು ಕುವೆಂಪುನಗರದ ನಮ್ಮ ಜಿಮ್‌ನಲ್ಲಿ ಹೊಸ ಹುಡುಗನೊಬ್ಬ ಶೋಲ್ಡರ್ ಪ್ರೆಸ್, ಅಂದರೆ ಬಾರ್ ಅನ್ನು ಭುಜದಿಂದ ತಲೆಯ ಮೇಲಕ್ಕೆ ಎತ್ತುವ ವ್ಯಾಯಾಮ, ಮಾಡುತ್ತಿದ್ದ. ಬರೀ ಬಾರ್, 20 ಕೆಜಿ. ಎಂಟು ರೆಪ್ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್) ನೀಟಾಗಿ ಬಂತು. ಎರಡೂ ಕಡೆ ಎರಡೂವರೆ ಕೆಜಿ ಪ್ಲೇಟ್ ಹಾಕಿಕೊಂಡ ನೋಡಿ, ಮೂರನೇ ರೆಪ್‌ಗೇ ಸೊಂಟ ಹಿಂದಕ್ಕೆ ಬಾಗಿತು, ಎಡ ಮೊಣಕೈ ಹೊರಗೆ ಹೋಯಿತು, ಬಾರ್ ಹಣೆಯ ಹತ್ತಿರವೇ ನಿಂತಿತು. ನಾನೇ ಬಾರ್ ಹಿಡಿದು ಇಳಿಸಿದೆ.

"ಅಣ್ಣ, ಸ್ಕ್ವಾಟ್‌ಗೂ 5 ಕೆಜಿನೇ ಏರಿಸ್ತಿದ್ದೀನಿ, ಆರಾಮಾಗಿ ಹೋಗ್ತಿದೆ. ಇದ್ಯಾಕೆ ಹಿಂಗೆ?" ಅಂದ.

ಒಳ್ಳೇ ಪ್ರಶ್ನೆ. ಸ್ಕ್ವಾಟ್‌ನಲ್ಲಿ, ಅಂದರೆ ಹೆಗಲ ಮೇಲೆ ಬಾರ್ ಹೊತ್ತು ಕೂತೇಳುವುದರಲ್ಲಿ, ಅವನು 60 ಕೆಜಿ ಎತ್ತುತ್ತಾನೆ. ಅದರ ಮೇಲೆ 5 ಅಂದರೆ ನೂರಕ್ಕೆ ಎಂಟು ಚಿಲ್ಲರೆ. 20ರ ಮೇಲೆ 5 ಅಂದರೆ ನೂರಕ್ಕೆ ಇಪ್ಪತ್ತೈದು! ಭುಜ ತಡೆಯುತ್ತಾ? ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಅನ್ನುವ ಕ್ರೀಡಾ ವೈದ್ಯಕೀಯ ಸಂಸ್ಥೆ 2009ರಲ್ಲಿ ಕೊಟ್ಟ ಸಲಹೆಯನ್ನೇ ಅವನಿಗೂ ಹೇಳಿದೆ: ಅಂದುಕೊಂಡದ್ದಕ್ಕಿಂತ ಒಂದೆರಡು ರೆಪ್ ಜಾಸ್ತಿ ಬಂದಾಗ ತೂಕವನ್ನು ನೂರಕ್ಕೆ 2ರಿಂದ 10ರಷ್ಟು ಏರಿಸು. ಸಣ್ಣ ಸ್ನಾಯುಗಳಿಗೆ ಕಮ್ಮಿ, ದೊಡ್ಡವಕ್ಕೆ ಜಾಸ್ತಿ.

ನಮ್ಮೂರ ಗರಡಿಮನೆಗಳ ದಂಡ, ಬಸ್ಕಿಗೆ ಮೈಯೇ ಭಾರ. ಅಲ್ಲಿ ಏರುವುದು ತೂಕ ಅಲ್ಲ, ಎಷ್ಟು ಸಲ ಅನ್ನುವ ಲೆಕ್ಕ. ಬಾರ್‌ಗೂ ಅದೇ ದಾರಿ ಹಿಡಿಯಬಹುದು. ಎಂಟರಿಂದ ಹನ್ನೆರಡು ರೆಪ್‌ವರೆಗೆ ಅದೇ ತೂಕ. ಹನ್ನೆರಡೂ ಶುದ್ಧವಾಗಿ ಬಂದ ಮೇಲೆ ಸ್ವಲ್ಪ ತೂಕ ಸೇರಿಸಿ ಮತ್ತೆ ಎಂಟಕ್ಕೆ ಬರುವುದು.

ಹೊಸಬರಿಗೆ ಇದು ನಿಧಾನ ಅನಿಸುತ್ತೆ. ಮೊದಲ ವಾರಗಳಲ್ಲಿ ಬಲ ಬೇಗ ಏರುತ್ತದಲ್ವಾ? ಅದರಲ್ಲಿ ಹೆಚ್ಚಿನ ಪಾಲು ನರಗಳು ಕೆಲಸ ಕಲಿತದ್ದರಿಂದ ಬಂದದ್ದು. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಭುಜ, ಮೊಣಕೈ ನೋವು ಶುರುವಾಗುವುದು ಸಾಮಾನ್ಯವಾಗಿ ಈ ಅವಸರದಲ್ಲೇ.

ನಮ್ಮ ಜಿಮ್‌ನಲ್ಲಿ ಎರಡೂವರೆಗಿಂತ ಸಣ್ಣ ಪ್ಲೇಟ್ ಇಲ್ಲ. ಸದ್ಯಕ್ಕೆ ಮಣಿಕಟ್ಟಿಗೆ ಸುತ್ತುವ ಅರ್ಧ ಕೆಜಿ ಪಟ್ಟಿಗಳನ್ನು ಬಾರ್‌ನ ಎರಡೂ ತುದಿಗೆ ಬಿಗಿಯಾಗಿ ಸುತ್ತಿದರೆ 21 ಆಗುತ್ತೆ. ಹೊರಡುವಾಗ ಓನರ್ ಹತ್ತಿರ ಒಂದೂಕಾಲು ಕೆಜಿ ಪ್ಲೇಟ್ ಒಂದು ಜೊತೆ ತರಿಸಿ ಅಂತ ಕೇಳಿದ್ದೇನೆ. ಹೊಸ ಟ್ರೆಡ್‌ಮಿಲ್‌ಗಿಂತ ಮೊದಲು ಬರಬೇಕಾದದ್ದು ಅದು. ಗುರುವಾರ ಮತ್ತೆ ಕೇಳುತ್ತೇನೆ.