ಅಂಗಾತ ಬಿದ್ದ ಆಮೆಯ ಕಾಲಿಗೆ ಏನು ಸಿಗಬೇಕು

ನಮ್ಮ ಗುಂಡ ಮೊದಲ ಬಾರಿ ಅಂಗಾತ ಬಿದ್ದದ್ದು ನನಗೆ ಸದ್ದಿನಿಂದ ತಿಳಿಯಿತು. ಪಕ್ಕದ ಕೋಣೆಯಲ್ಲಿ ಓದುತ್ತ ಕುಳಿತಿದ್ದಾಗ, ಬರಿದಾದ ಮಡಕೆಯನ್ನು ಕಲ್ಲಿನ ಮೇಲೆ ಯಾರೋ ತಿರುಗಿಸುತ್ತಿರುವಂತಹ ಸದ್ದು ಬಿಟ್ಟುಬಿಟ್ಟು ಕೇಳಿಬರುತ್ತಿತ್ತು. ಎದ್ದು ಹೋಗಿ ನೋಡಿದರೆ, ಅಂದಕ್ಕೆಂದು ನಾನೇ ಓರೆಯಾಗಿ ನಿಲ್ಲಿಸಿದ್ದ ಚಪ್ಪಟೆ ಕಲ್ಲನ್ನು ಹತ್ತಲು ಹೋಗಿ, ಅಲ್ಲಿಂದ ಹಿಂದಕ್ಕೆ ಉರುಳಿ, ಶಾಖದ ದೀಪದ ನೇರ ಕೆಳಗೆ ಹೊಟ್ಟೆ ಮೇಲಾಗಿ ಬಿದ್ದಿತ್ತು. ಮುಂಗಾಲುಗಳೆರಡೂ ಗಾಳಿಯಲ್ಲಿ ಈಜುತ್ತಿದ್ದವು. ಹಿಂಗಾಲುಗಳು ಸೋತು ನಿಂತಿದ್ದವು. ಕೆಳಗೆ ಮೂತ್ರದ ಒದ್ದೆ. ಎತ್ತಿಕೊಂಡಾಗ ಹೊಟ್ಟೆಚಿಪ್ಪು ಜ್ವರ ಬಂದ ಮಗುವಿನ ಹಣೆಯಂತೆ ಕೈಗೆ ಸುಟ್ಟಿತು. ಇನ್ನೊಂದು ಗಂಟೆ ನಾನು ಓದುತ್ತಲೇ ಕುಳಿತಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಲು ಈಗಲೂ ಮನಸ್ಸು ಬಾರದು.

ಗುಂಡ ಹಾರ್ಸ್‌ಫೀಲ್ಡ್ ಜಾತಿಯ ನೆಲದಾಮೆ, ಉದ್ದ ಸುಮಾರು 16 ಸೆಂಟಿಮೀಟರ್. ಈ ಜಾತಿಯ ಚಿಪ್ಪು ಮೇಲಿನಿಂದ ನೋಡಿದರೆ ಹೆಚ್ಚುಕಡಿಮೆ ದುಂಡಗೆ, ಬದಿಯಿಂದ ನೋಡಿದರೆ ತಕ್ಕಮಟ್ಟಿಗೆ ಚಪ್ಪಟೆ. ತೋಡುವುದರಲ್ಲಿಯೂ ಹತ್ತುವುದರಲ್ಲಿಯೂ ಇದಕ್ಕೆ ದಣಿವೆಂಬುದಿಲ್ಲ. ಹತ್ತಬಾರದೆಂದು ನಾವು ಅಂದುಕೊಂಡದ್ದನ್ನೇ ಹುಡುಕಿಕೊಂಡು ಹೋಗಿ ಹತ್ತುತ್ತದೆ.

ಅಂಗಾತ ಬೀಳುವುದು ಆಮೆಗೆ ಏಕೆ ಇಷ್ಟು ಅಪಾಯ ಎಂಬುದು ಅದರ ಮೈಯ ರಚನೆಯಲ್ಲಿದೆ. ಆಮೆಯ ಪಕ್ಕೆಲುಬುಗಳು ಚಿಪ್ಪಿನೊಂದಿಗೆ ಬೆಸೆದುಕೊಂಡಿರುವುದರಿಂದ ನಮ್ಮಂತೆ ಎದೆಯನ್ನು ಹಿಗ್ಗಿಸಿ ಉಸಿರೆಳೆಯಲು ಅದಕ್ಕೆ ಸಾಧ್ಯವಿಲ್ಲ. ಹೊಟ್ಟೆಯ ಸ್ನಾಯುಗಳು ಒಳಗಿನ ಅಂಗಗಳನ್ನು ಸರಿಸಿದಂತೆ ಶ್ವಾಸಕೋಶ ಹಿಗ್ಗಿ ಕುಗ್ಗುತ್ತದೆ. ಆ ಶ್ವಾಸಕೋಶ ಇರುವುದು ಬೆನ್ನಚಿಪ್ಪಿನ ಕೆಳಗೆ, ಎಲ್ಲಕ್ಕಿಂತ ಮೇಲೆ. ಆಮೆ ಮಗುಚಿದಾಗ ಸೊಪ್ಪು ತುಂಬಿದ ಕರುಳೂ ಯಕೃತ್ತೂ ಸೇರಿ ಎಲ್ಲ ಭಾರವೂ ಅದರ ಮೇಲೆಯೇ ಕೂರುತ್ತದೆ. ವೈದ್ಯರು ಪರೀಕ್ಷೆಗಾಗಿ ಕೆಲವು ಕ್ಷಣ ಮಗುಚಿ ಹಿಡಿದರೆ ಏನೂ ಆಗದು; ಗಂಟೆಗಟ್ಟಲೆ ಹಾಗೆಯೇ ಉಳಿದರೆ ಮಾತ್ರ ಉಸಿರಾಟ ಕಷ್ಟವಾಗುತ್ತ ಹೋಗುತ್ತದೆ. ಆದರೆ ಉಸಿರಿಗಿಂತ ಮೊದಲು ಕೊಲ್ಲುವುದು ಸಾಮಾನ್ಯವಾಗಿ ಶಾಖ. ಮೈಯ ಬಿಸಿಯನ್ನು ತಾನೇ ಹತೋಟಿಯಲ್ಲಿಡಲಾರದ ಪ್ರಾಣಿಗೆ ನೆರಳಿಗೆ ನಡೆದುಹೋಗುವುದೇ ದೊಡ್ಡ ಉಪಾಯ, ಮತ್ತು ಅಂಗಾತ ಬಿದ್ದ ಆಮೆ ಕಳೆದುಕೊಳ್ಳುವುದು ಆ ಉಪಾಯವನ್ನೇ. ಮೈಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಪ್ರಾಣಕ್ಕೇ ಕುತ್ತು. ಮರಿಗಳಿಗಂತೂ ಈ ಅಪಾಯ ಇನ್ನೂ ಬೇಗ, ಏಕೆಂದರೆ ಪುಟ್ಟ ಮೈ ಕಾಯಲು ಹೆಚ್ಚು ಹೊತ್ತು ಬೇಕಿಲ್ಲ. ಹೆದರಿದ ಆಮೆ ಮೂತ್ರಕೋಶದಲ್ಲಿ ಕೂಡಿಟ್ಟ ನೀರನ್ನೂ ಹೊರಚೆಲ್ಲುತ್ತದೆ. ಅಲ್ಲಿಗೆ ಬಾಯಾರಿಕೆಯೂ ಜೊತೆಗೂಡಿತು.

ಎಲ್ಲ ಆಮೆಗಳಿಗೂ ಏಳುವುದು ಒಂದೇ ಸಮ ಕಷ್ಟವಲ್ಲ. ಹಂಗೇರಿಯ ಗಾಬೋರ್ ಡೊಮೊಕೋಶ್ ಮತ್ತು ಪೀಟರ್ ವಾರ್ಕೊನಿ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ಗೊಂಬೊಕ್ ಎಂಬ ಒಂದು ಆಕಾರವನ್ನು ರೂಪಿಸಿದರು. ಬುಡದಲ್ಲಿ ಭಾರ ತುಂಬಿದ ಬೊಂಬೆಯನ್ನು ಎಷ್ಟು ಉರುಳಿಸಿದರೂ ಎದ್ದು ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಗೊಂಬೊಕ್‌ನಲ್ಲಿ ಹಾಗೆ ಬಚ್ಚಿಟ್ಟ ಭಾರವಿಲ್ಲ, ಒಂದೇ ಸಮನಾದ ವಸ್ತುವಿನಿಂದ ಮಾಡಿದ್ದರೂ ಆಕಾರದ ಬಲದಿಂದಲೇ ಅದು ತನ್ನ ಒಂದೇ ನೆಲೆಗೆ ಮರಳುತ್ತದೆ. ಅದೇ ಇಬ್ಬರು 2008ರಲ್ಲಿ ಆಮೆಗಳ ಚಿಪ್ಪಿನ ಜ್ಯಾಮಿತಿಯನ್ನು ಕುರಿತು ಬರೆದ ಪ್ರಬಂಧದಲ್ಲಿ, ನಕ್ಷತ್ರ ಆಮೆಯಂತಹ ಎತ್ತರದ ಗುಮ್ಮಟದ ಆಮೆಗಳ ಆಕಾರ ಗೊಂಬೊಕ್‌ಗೆ ಬಹಳ ಹತ್ತಿರವಿದೆಯೆಂದೂ, ಅವು ಅಂಗಾತ ಬಿದ್ದರೆ ಚಿಪ್ಪೇ ಅವನ್ನು ಬದಿಗೆ ಉರುಳಿಸುತ್ತದೆಯೆಂದೂ, ಕೊನೆಯ ತುಸು ಕೆಲಸವಷ್ಟೇ ಕಾಲಿಗೆ ಉಳಿಯುತ್ತದೆಯೆಂದೂ ತೋರಿಸಿದರು. ಚಪ್ಪಟೆ ಚಿಪ್ಪಿನವು ಉದ್ದ ಕುತ್ತಿಗೆಯನ್ನು ಸನ್ನೆಗೋಲಿನಂತೆ ನೆಲಕ್ಕೂರಿ ಮಗುಚಿಕೊಳ್ಳುತ್ತವೆ. ನಡುವಿನ ಎತ್ತರದವು ಕಾಲು, ಕುತ್ತಿಗೆ ಎರಡನ್ನೂ ನೆಚ್ಚಬೇಕು, ಮತ್ತು ಅವುಗಳ ಪಾಡೇ ಹೆಚ್ಚು ಕಷ್ಟದ್ದು. ನಮ್ಮ ಗುಂಡನಿಗೆ ಗುಮ್ಮಟವೂ ಇಲ್ಲ, ಉದ್ದ ಕುತ್ತಿಗೆಯೂ ಇಲ್ಲ.

ಮೊದಲ ಅವಘಡದ ನಂತರ ನಾನು ಮಾಡಿದ ಕೆಲಸ ಈಗ ನೆನೆದರೆ ನಾಚಿಕೆ ತರುತ್ತದೆ. ಉರುಳಲು ಏನೂ ಇಲ್ಲದಿದ್ದರೆ ಉರುಳುವುದೇ ಇಲ್ಲವೆಂದು ಲೆಕ್ಕ ಹಾಕಿ, ಕಲ್ಲು, ಮರದ ತುಂಡು, ಗಿಡದ ಕುಂಡ ಎಲ್ಲವನ್ನೂ ಆವರಣದಿಂದ ಎತ್ತಿ ಹೊರಗಿಟ್ಟು, ತೆಳ್ಳಗೆ ಮಣ್ಣು ಹರಡಿದ ಬೋಳು ಬಯಲನ್ನು ಅದಕ್ಕೆ ಕೊಟ್ಟೆ. ಒಂದು ವಾರದೊಳಗೆ ಅದು ಮತ್ತೆ ಎರಡು ಬಾರಿ ಅಂಗಾತ ಬಿತ್ತು, ಎರಡು ಬಾರಿಯೂ ಒಂದೇ ಮೂಲೆಯಲ್ಲಿ. ಕಾರಣ ತಿಳಿಯದೆ, ಫೋನನ್ನು ಶೆಲ್ಫಿನ ಮೇಲೆ ನಿಲ್ಲಿಸಿ ಒಂದು ಇಡೀ ಬೆಳಗನ್ನು ಚಿತ್ರೀಕರಿಸಿದೆ. ಆಡಲು, ಅಡಗಲು ಏನೂ ಇಲ್ಲದ ಆಮೆ ಪಾರದರ್ಶಕ ಗೋಡೆಯಾಚೆ ಕಾಣುವ ಕೋಣೆಯನ್ನು ಸೇರಲೆಂದು ಗಂಟೆಗಟ್ಟಲೆ ಗೋಡೆಗುಂಟ ನಡೆಯುತ್ತಿತ್ತು; ಮೂಲೆಗೆ ಬಂದಾಗ ಎರಡು ಗೋಡೆಗಳಿಗೂ ಒಂದೊಂದು ಮುಂಗಾಲು ಒತ್ತಿ, ನೆಟ್ಟಗೆ ನಿಂತು, ಒಂದು ಕ್ಷಣ ತೂಗಿ, ಬೆನ್ನಡಿಯಾಗಿ ಬೀಳುತ್ತಿತ್ತು. ಬಿದ್ದ ಮೇಲೆ ಆ ಬೋಳು ನೆಲದಲ್ಲಿ ಉಗುರು ಸಿಕ್ಕಿಸಲು ಒಂದು ಕಡ್ಡಿಯೂ ಸಿಗದೆ, ತಳದ ಹಲಗೆಯ ಮೇಲೆ ಬುಗುರಿಯಂತೆ ಸುತ್ತುತ್ತಿತ್ತು. ಬೀಳದಂತೆ ನೋಡಿಕೊಳ್ಳುವುದರಲ್ಲಿಯೇ ಮುಳುಗಿದ್ದ ನಾನು, ಬಿದ್ದ ಮೇಲೆ ಏಳಲು ಬೇಕಾದದ್ದನ್ನೆಲ್ಲ ನನ್ನ ಕೈಯಾರೆ ಕಿತ್ತುಹಾಕಿದ್ದೆ.

ಆವರಣವನ್ನು ಮತ್ತೆ ಕಟ್ಟಿದಾಗ ಮೊದಲು ಮಾಡಿದ್ದು ನೆಲವನ್ನು. ಮಣ್ಣು, ಮರಳು ಬೆರೆಸಿ, ತುಸು ನೀರು ಚಿಮುಕಿಸಿ, ಒಂದು ಗೇಣಿಗೆ ಸ್ವಲ್ಪ ಕಡಿಮೆ ದಪ್ಪಕ್ಕೆ ಒತ್ತಿದೆ. ಚಿಪ್ಪು ಇಂತಹ ನೆಲದಲ್ಲಿ ತುಸು ಹೂತುಕೊಳ್ಳುವುದರಿಂದ ಸುತ್ತುವುದಿಲ್ಲ. ಉಗುರಿಗೂ ಹಿಡಿತ ಸಿಗುತ್ತದೆ. ಟೈಲ್ಸ್, ಪ್ಲಾಸ್ಟಿಕ್ ಹಾಳೆ, ನುಣುಪಾದ ಹಲಗೆ ಇವುಗಳ ಮೇಲೆ ಆಮೆಯನ್ನು ಒಂಟಿಯಾಗಿ ಬಿಡುವುದನ್ನು ಅಂದಿನಿಂದ ಪೂರ್ತಿ ನಿಲ್ಲಿಸಿದೆ. ಪಾರದರ್ಶಕ ಗೋಡೆಗಳಿಗೆ ಒಳಗಿನಿಂದ ಹಲಗೆ ಕಟ್ಟಿ ಹೊರಗಿನದು ಕಾಣದಂತೆ ಮಾಡಿದೆ. ಮೂಲೆಗಳಿಗೆ ಅಡ್ಡವಾಗಿ ಒಂದೊಂದು ಹಲಗೆ ಇಟ್ಟು ದುಂಡಗೆ ಮಾಡಿದ್ದರಿಂದ, ಎರಡು ಗೋಡೆಗೆ ಕಾಲೊತ್ತಿ ನಿಲ್ಲುವ ಆಟ ಅಲ್ಲಿಗೆ ಮುಗಿಯಿತು.

ಹೊರಗಿಟ್ಟಿದ್ದ ಕಲ್ಲುಗಳೆಲ್ಲ ಒಳಗೆ ಮರಳಿ ಬಂದವು, ಆದರೆ ಅರ್ಧ ಹೂತ ಸ್ಥಿತಿಯಲ್ಲಿ. ಅಂಗೈಯಿಂದ ಬಲವಾಗಿ ತಳ್ಳಿದರೂ ಅಲುಗಾಡದ ಕಲ್ಲು ಮಾತ್ರ ಒಳಗಿರಬೇಕು, ಮತ್ತು ಚಿಪ್ಪಿನ ಉದ್ದದ ಅರ್ಧಕ್ಕಿಂತ ಎತ್ತರದ ಕಡಿದಾದ ಅಂಚು ಎಲ್ಲಿಯೂ ಇರಬಾರದು ಎಂಬುದು ನಾನು ನನಗೇ ಹಾಕಿಕೊಂಡ ನಿಯಮ. ಎತ್ತರ ಬೇಕೆಂದರೆ ಮಣ್ಣಿನ ಇಳಿಜಾರು ಮಾಡಬಹುದು. ಎರಡು ವಸ್ತುಗಳ ನಡುವಿನ ಸಂದು ಒಂದೋ ಆಮೆ ಸಲೀಸಾಗಿ ಹಾದುಹೋಗುವಷ್ಟು ಅಗಲವಿರಬೇಕು, ಇಲ್ಲವೇ ಮುಚ್ಚಿರಬೇಕು. ನಡುವಿನ ಅಳತೆಯ ಸಂದಿನಲ್ಲಿ ಅದು ಓರೆಯಾಗಿ ಸಿಕ್ಕಿಕೊಂಡು ಮಗುಚುತ್ತದೆ. ಹುಲ್ಲಿನ ಗುಚ್ಛಗಳು, ಬೇರಿನ ತುಂಡುಗಳು, ಒರಟು ಕಲ್ಲುಗಳು ಆವರಣದ ತುಂಬ ಈಗ ಹೇಗೆ ಹರಡಿವೆಯೆಂದರೆ, ಎಲ್ಲಿ ಬಿದ್ದರೂ ಒಂದು ಕಾಲಿನ ಅಳತೆಯಲ್ಲಿ ಏನಾದರೊಂದು ಸಿಕ್ಕಿಯೇ ಸಿಗುತ್ತದೆ.

ದೀಪದ ಕೆಳಗಿನ ಜಾಗ ಮಾತ್ರ ಬೇರೆ. ಅಲ್ಲಿ 32ರಿಂದ 35 ಡಿಗ್ರಿ ಶಾಖವಿರಬೇಕಾದ್ದರಿಂದ ಬಿದ್ದವನಿಗೆ ಸಮಯ ಕಡಿಮೆ. ಹಾಗಾಗಿ ಅಲ್ಲಿ ಹತ್ತುವಂತಹದ್ದು ಏನನ್ನೂ ಇಡದೆ, ಒಂದು ಒರಟಾದ ಚಪ್ಪಟೆ ಕಲ್ಲನ್ನು ನೆಲಮಟ್ಟಕ್ಕೆ ಹೂತಿದ್ದೇನೆ. ನೀರಿನ ತಟ್ಟೆಯ ವಿಷಯವೂ ಹಾಗೆಯೇ. ಎತ್ತರದ ಅಂಚಿನ ಬಟ್ಟಲನ್ನು ದಾಟುವಾಗ ಆಮೆ ಒಳಕ್ಕೇ ಮಗುಚಿದರೆ, ಮೂಗು ಮುಳುಗಲು ಎರಡು ಬೆರಳಷ್ಟು ನೀರು ಸಾಕು. ತಟ್ಟೆ ಅಗಲವಾಗಿ, ಒರಟಾಗಿ, ಅಂಚು ಮಣ್ಣಿಗೆ ಸಮನಾಗಿ ಹೂತಿರಲಿ. ನೀರು ಗದ್ದಕ್ಕಿಂತ ಕೆಳಗಿರಲಿ.

ಒಂದಕ್ಕಿಂತ ಹೆಚ್ಚು ಆಮೆ ಸಾಕುವವರಿಗೆ ಇನ್ನೊಂದು ಮಾತು. ಗಂಡು ಆಮೆಗಳು ಪರಸ್ಪರ ಗುದ್ದಾಡುತ್ತವೆ. ಮಡಗಾಸ್ಕರಿನ ಆಂಗೊನೊಕಾ ಎಂಬ ಜಾತಿಯಲ್ಲಿ ಗಂಡಿನ ಗಂಟಲ ಕೆಳಗೆ ನೇಗಿಲ ಗುಳದಂತೆ ಮುಂಚಾಚಿದ ಚಿಪ್ಪಿದೆ, ಎದುರಾಳಿಯನ್ನು ಮೀಟಿ ಮಗುಚಿಹಾಕುವುದೇ ಅದರ ಕೆಲಸ. ಮನೆಯ ಆಮೆಗಳಿಗೆ ಅಷ್ಟು ದೊಡ್ಡ ಆಯುಧವಿಲ್ಲದಿದ್ದರೂ ಛಲ ಅಷ್ಟೇ ಇದೆ. ಇಬ್ಬರು ಗಂಡುಗಳಿಗೆ ಎರಡು ಆವರಣ ಮಾಡುವುದೇ ಲೇಸು.

ಇಷ್ಟಾದರೂ ಬಿದ್ದಿರುವುದು ಕಂಡರೆ, ಗಾಬರಿಯಲ್ಲಿ ಎಳೆದಾಡದೆ, ಎರಡು ಕೈಯಲ್ಲಿ ಹಿಡಿದು ಬದಿಯಿಂದ ನಿಧಾನವಾಗಿ ತಿರುಗಿಸಿ ನೆರಳಿಗೆ ಒಯ್ಯಬೇಕು. ಮೈ ಕಾದಿದ್ದರೆ ತಣ್ಣೀರು ಸುರಿಯುವುದು ತಪ್ಪು. ಉಗುರುಬೆಚ್ಚಗಿನ ನೀರಿನಲ್ಲಿ, ಗದ್ದ ಮುಳುಗದಂತೆ, ಹದಿನೈದು ಇಪ್ಪತ್ತು ನಿಮಿಷ ಪಕ್ಕದಲ್ಲೇ ಕುಳಿತು ನೆನೆಸಿದರೆ ಅದು ಸಾಮಾನ್ಯವಾಗಿ ತಾನೇ ಕುಡಿಯುತ್ತದೆ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗಿನಲ್ಲಿ ಗುಳ್ಳೆ ಕಂಡರೆ, ಕಾಲುಗಳು ಜೋತುಬಿದ್ದಿದ್ದರೆ ಅಂದೇ ಪಶುವೈದ್ಯರಲ್ಲಿಗೆ. ಪದೇ ಪದೇ ಬೀಳುವ ಆಮೆಯನ್ನೂ ಒಮ್ಮೆ ತೋರಿಸುವುದು ಒಳ್ಳೆಯದು. ಸುಣ್ಣದ ಅಂಶವೋ ನೇರಳಾತೀತ ಬೆಳಕೋ ಸಾಲದೆ ಎಲುಬು ಸೊರಗಿದ್ದರೆ ಕಾಲಿಗೆ ಬಲವಿರುವುದಿಲ್ಲ, ಆವರಣವನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಹೊಸ ಆವರಣ ಕಟ್ಟಿ ಸುಮಾರು ಒಂದು ತಿಂಗಳಾದ ಮೇಲೆ ಗುಂಡ ನನ್ನ ಕಣ್ಣೆದುರೇ ಮತ್ತೊಮ್ಮೆ ಬಿತ್ತು. ಕೈ ಚಾಚಿದವನು ಬೇಕೆಂದೇ ಹಿಂದೆಗೆದುಕೊಂಡು ಎಣಿಸುತ್ತ ಕುಳಿತೆ. ಕುತ್ತಿಗೆ ಹೊರಬಂತು, ಹಿಂದಕ್ಕೆ ಬಾಗಿ ನೆತ್ತಿಯನ್ನು ಮಣ್ಣಿಗೆ ಊರಿತು; ಚಿಪ್ಪು ಎಡಕ್ಕೆ ವಾಲಿತು, ಮರಳಿತು, ಇನ್ನಷ್ಟು ವಾಲಿತು. ಮೂರನೆಯ ತೂಗಿಗೆ ಎಡಗೈಯ ನಾಲ್ಕು ಉಗುರುಗಳಲ್ಲಿ ಎರಡು ಹುಲ್ಲಿನ ಬುಡಕ್ಕೆ ಸಿಕ್ಕಿಕೊಂಡವು. ಬುಡ ಅರ್ಧ ಕಿತ್ತುಬಂತು, ಪೂರ್ತಿ ಬರಲಿಲ್ಲ. ಧೊಪ್ಪೆಂದು ಮಗುಚಿದ ಗುಂಡ ಎರಡು ಸಲ ಕಣ್ಣು ಮಿಟುಕಿಸಿ, ಕಿತ್ತುಬಂದ ಆ ಹುಲ್ಲನ್ನೇ ತಿನ್ನಲು ತೊಡಗಿತು. ನಾನು ಮೂವತ್ತೊಂದರವರೆಗೆ ಎಣಿಸಿದ್ದೆ.